ಸೋರುವ ದನಿ

ಹತ್ತಕ್ಕೆ ವಿಚಾರಣೆ ಶುರು. ಬಂದರಿನ ಅಂಗಡಿಯವರನ್ನು ಹೆದರಿಸಿ ಬದುಕುತ್ತಿದ್ದ ಅಣ್ಣತಮ್ಮಂದಿರ ವಿರುದ್ಧ ಸಾಕ್ಷಿಯೊಬ್ಬರು ಪಕ್ಕದ ಮುಚ್ಚಿದ ಕೋಣೆಯಿಂದ ಮಾತಾಡುವವರಿದ್ದರು. ಅವರ ನಿಜದನಿ ನ್ಯಾಯಾಧೀಶೆಯ ಹೆಡ್‌ಫೋನಿಗೆ ಮಾತ್ರ. ಸಭಾಂಗಣದ ಸ್ಪೀಕರಿಗೆ ಗುರುತು ಸಿಗದಂತೆ ಬದಲಾಯಿಸಿದ ದನಿ. ನ್ಯಾಯಾಧೀಶೆ ಗುಂಡಿ ಒತ್ತಿದರೆ ಎರಡು ದಾರಿಯೂ ತೆರೆಯಬೇಕು, ಬಿಟ್ಟರೆ ಮುಚ್ಚಬೇಕು. ಇದನ್ನೆಲ್ಲ ನಡೆಸುವ ಪೆಟ್ಟಿಗೆಯನ್ನು ಮಾಡಿದವಳು ತಂತ್ರಜ್ಞೆ ನಿವೆಸ್.

ಎಂಟು ಗಂಟೆಗೆ ಕೊನೆಯ ಪರೀಕ್ಷೆ. ಸಾಕ್ಷಿಯ ಕೋಣೆಯೊಳಗೆ ಕೂತ ಮುದುಕ ಸಹೋದ್ಯೋಗಿ ಯಾಕೊವ್, ನಿವೆಸ್ ಗೌರವದಿಂದ 'ಶ್ಯೋರ್' ಎಂದು ಕರೆಯುವವನು, ಪೇಪರಿನಲ್ಲಿದ್ದ ಮೀನಿನ ಧಾರಣೆ ಓದುತ್ತಿದ್ದ. ಸ್ಪೀಕರಿನಲ್ಲಿ ಗೊಗ್ಗರು ದನಿ. ಎಲ್ಲ ಸರಿಯಿತ್ತು. ಆದರೂ ನಿವೆಸ್‌ಗೆ ಸಮಾಧಾನವಿಲ್ಲ. ದನಿ ಬದಲಾಯಿಸುವ ಯಂತ್ರವನ್ನು ನಿಲ್ಲಿಸಿ, ಸ್ಪೀಕರಿನ ಸದ್ದನ್ನು ಪೂರ್ತಿ ಏರಿಸಿ ಕಿವಿ ಹಚ್ಚಿದಳು. ಯಂತ್ರ ನಿಂತಾಗ ಅಲ್ಲಿ ಏನೂ ಕೇಳಿಸಬಾರದಿತ್ತು. ಸೊಳ್ಳೆಯಷ್ಟು ಸಣ್ಣಗೆ ಯಾಕೊವನ ತೊದಲು 'ಸ' ಕೇಳಿಸಿತು.

"ಶ್ಯೋರ್ ಯಾಕೊವ್, ನಿಮ್ಮ ದನಿ ಸೋರ್ತಾ ಇದೆ."

"ನನ್ನ ಹಲ್ಲೇ ಸೋರ್ತವೆ ಮಗಳೇ. ನಿನಗೆ ಭ್ರಮೆ."

"ಭ್ರಮೆ ಅಲ್ಲ. ಜಾಗ ಉಳಿಸೋಕೆ ಅಂತ ಎರಡು ದನಿಗೂ ಒಂದೇ ಚಿಪ್ ಹಾಕಿದ್ದೆ. ಪಕ್ಕದ ಮನೆ ಜಗಳ ಗೋಡೆ ದಾಟಿ ಬರೋ ಹಾಗೆ ನಿಜದನಿ ಚಿಪ್ಪೊಳಗಿನ ಒಂದು ಸ್ವಿಚ್ಚಿಂದ ಇನ್ನೊಂದಕ್ಕೆ ದಾಟ್ತಿದೆ. ತಪ್ಪು ನನ್ನದೇ."

ನ್ಯಾಯಾಧೀಶೆಗೆ ಹೇಳಿದಾಗ ಆಕೆ ಕನ್ನಡಕ ತೆಗೆದಳು. "ಅಷ್ಟು ಸಣ್ಣ ಸದ್ದು ಯಾರಿಗೆ ಕೇಳುತ್ತೆ?"

"ಯಾರಾದರೂ ಫೋನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ ಸೋಸಿದರೆ ಕೇಳುತ್ತೆ, ಮೇಡಂ."

"ಹನ್ನೊಂದರವರೆಗೆ ಸಮಯ ಕೊಡ್ತೀನಿ."

ನಿವೆಸ್ ಸಭಾಂಗಣದ ದಾರಿಯನ್ನು ಬೇರೊಂದು ಚಿಪ್ಪಿಗೆ, ಪೆಟ್ಟಿಗೆಯ ಇನ್ನೊಂದು ಮೂಲೆಗೆ ಸರಿಸಿದಳು. ಸೋರಿಕೆ ತಡೆಯಲು ನಡುವೆ ಅರ್ಥ್ ತಂತಿಗೆ ಜೋಡಿಸಿದ ತಗಡೊಂದನ್ನು ನಿಲ್ಲಿಸಿದಳು. ಬೆಸುಗೆ ಎರಡು ಸಲ ಕೆಟ್ಟಿತು. ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಯಾಕೊವ್ ಮತ್ತೆ ಒಳಗೆ ಕೂತು ಬಾಯಿ ನೋಯುವಷ್ಟು 'ಸ' ಹೇಳಿದ. ಯಂತ್ರ ನಿಲ್ಲಿಸಿ ಆಲಿಸಿದರೂ ಸ್ಪೀಕರಿನಲ್ಲಿ ಈ ಸಲ ಏನೂ ಕೇಳಿಸಲಿಲ್ಲ.

ಸಾಕ್ಷಿ ಮಾತಾಡಿದರು. ಆರೋಪಿಗಳಲ್ಲಿ ಕಿರಿಯವನು ಕಣ್ಣು ಮುಚ್ಚಿ, ತಲೆ ವಾಲಿಸಿ ಕೇಳುತ್ತಲೇ ಇದ್ದ. ನಿವೆಸ್ ಸ್ಪೀಕರಿನ ತಂತಿಯನ್ನು ಹಿಡಿದೇ ಕೂತಿದ್ದಳು, ಒಂದೇ ಒಂದು ಅನುಮಾನ ಬಂದರೂ ಕಿತ್ತುಬಿಡಲು. ಎರಡೂವರೆ ಗಂಟೆ ಕಾಲ ಕೇಳಿದ ಮೇಲೆ ಕಿರಿಯವನು ಕಣ್ಣು ತೆರೆದು, ಅಣ್ಣನ ಕಡೆ ತಿರುಗಿ, ದನಿಯ ಗುರುತು ಸಿಗಲಿಲ್ಲವೆಂದು ತಲೆಯಾಡಿಸಿದ.

ಸಾಕ್ಷಿ ಹಿಂದಿನ ಬಾಗಿಲಿಂದ ಹೊರಟುಹೋದರು. ಗಂಡೋ ಹೆಣ್ಣೋ ನಿವೆಸ್‌ಗೂ ತಿಳಿಯಲಿಲ್ಲ.

"ಬಿಡು ಮಗಳೇ, ಮುಗೀತು," ಎಂದು ಯಾಕೊವ್ ಅವಳ ಮರಗಟ್ಟಿದ ಬೆರಳುಗಳನ್ನು ತಂತಿಯಿಂದ ಒಂದೊಂದಾಗಿ ಬಿಡಿಸಿದ.