ಮೇಸ್ತ್ರಿ ಕಿತ್ತೆಸೆದ ಗಿಡಗಳು

ಬೀಜ ಭಂಡಾರದ ಹೊಲದಲ್ಲಿ ಆ ವರ್ಷ ಬೆಳೆದ ಜೋಳವನ್ನು ನೋಡಿದವರೆಲ್ಲ ಹೊಗಳಿದರು. ಆಳೆತ್ತರದ ದಂಟು, ಒತ್ತಾದ ತೆನೆ, ಅಳೆದು ಕತ್ತರಿಸಿದ ಹಾಗೆ ಒಂದೇ ಸಮನೆ ನಿಂತ ಸಾಲು. ಹೊಗಳದವಳು ಪುಟ್ಟಿ ಒಬ್ಬಳೇ. ಹೆಸರಿಗೆ ಪುಟ್ಟಿ, ವಯಸ್ಸು ನಲವತ್ತೆರಡು. ಬೀಜ ಒಣಗಿಸಿ, ಪೊಟ್ಟಣ ಕಟ್ಟಿ, ಥಂಡಿ ಕೋಣೆಯಲ್ಲಿ ಇಡಿಸುವ ಕೆಲಸಕ್ಕೆಲ್ಲ ಭಂಡಾರದಲ್ಲಿ ಅವಳೇ ಹಿರಿಯಳು. ಹಳೆಯ ದಾಖಲೆ ಪುಸ್ತಕ ಹಿಡಿದು ಆ ಸಾಲುಗಳ ನಡುವೆ ಅವಳು ಮೂರು ಸಲ ನಡೆದಳು. ಅವಳು ಹುಡುಕುತ್ತಿದ್ದ ಗಿಡ ಅಲ್ಲಿರಲಿಲ್ಲ.

ಮೂವತ್ತೈದು ವರ್ಷದ ಹಿಂದೆ ಆ ಬೀಜ ತಂದವರು ಪುಸ್ತಕದಲ್ಲಿ ಬರೆದಿದ್ದರು: "ಸಾಲಿಗೆ ಎರಡು ಮೂರು ಗಿಡ ಕುಳ್ಳು. ತೆನೆ ಸಡಿಲ, ಕಾಳು ಸಣ್ಣ, ಬಣ್ಣ ಕಂದು. ಇವುಗಳ ಬೇರಿಗೆ ಕಳೆ ಅಂಟಿಲ್ಲ." ಬೇರಿಗೆ ಅಂಟಿ ರಸ ಹೀರುವ ಆ ಕಳೆ ಈಗ ಮಳೆ ಕಡಿಮೆ ಬೀಳುವ ಸೀಮೆಯ ಜೋಳವನ್ನೆಲ್ಲ ನುಂಗಿ ನೀರು ಕುಡಿಯುತ್ತಿತ್ತು. ಅದಕ್ಕೆ ಬಗ್ಗದ ಹೊಸ ತಳಿ ಮಾಡಬೇಕೆಂದು ತಜ್ಞರು ಆ ಕುಳ್ಳು ಗಿಡಕ್ಕಾಗಿ ಕಾದು ಕುಳಿತಿದ್ದರು. ಬೀಜ ತಂದ ಊರಿನಲ್ಲಿ ಅದನ್ನು ಬಿತ್ತುವವರು ಈಗ ಯಾರೂ ಉಳಿದಿಲ್ಲ. ಭಂಡಾರದ ಮೊದಲ ಪೊಟ್ಟಣವೂ ಖಾಲಿಯಾಗಿತ್ತು. ಇಟ್ಟ ಬೀಜ ಜೀವ ಕಳೆದುಕೊಳ್ಳುವ ಮುಂಚೆ ಅದನ್ನು ಬಿತ್ತಿ ಹೊಸ ಬೀಜ ಮಾಡಿಕೊಳ್ಳಬೇಕು. ಈ ವರ್ಷಕ್ಕೆ ಮುಂಚೆ ಹಾಗೆ ಎರಡು ಸಲ ಬಿತ್ತಿದ್ದರು. ಎರಡು ಸಲವೂ ಕೊಯ್ಲಿನ ಎದುರಿಗೆ ಒಂದೇ ಸಹಿ ಇತ್ತು. ಅದು ಪುಟ್ಟಿಯ ಅಪ್ಪನದು.

ಅಪ್ಪ ಅದೇ ಹೊಲದಲ್ಲಿ ಇಪ್ಪತ್ತೊಂಬತ್ತು ವರ್ಷ ಮೇಸ್ತ್ರಿಯಾಗಿದ್ದವನು. ಕೆಲಸ ಬಿಟ್ಟು ಹನ್ನೊಂದು ವರ್ಷವಾದರೂ ಬೀದಿಯವರಿಗೆಲ್ಲ ಈಗಲೂ ಮೇಸ್ತ್ರಿಯೇ. ಅವನ ಕೈಗುಣಕ್ಕೆ ಕಲ್ಲೂ ಚಿಗುರುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು, ಕೇಳಿಸಿಕೊಂಡು ಅವನು ಮೀಸೆ ತಿರುವುತ್ತಿದ್ದ. ಬೇರೆ ಆಸ್ತಿಯೇನೂ ಅವನು ಮಾಡಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಅಪ್ಪ ಅಡುಗೆಮನೆಯ ಮೇಜಿನ ಮುಂದೆ ಕೂತು ಪತ್ರಿಕೆ ತಿರುವುತ್ತಿದ್ದ. ಪುಟ್ಟಿ ಏನೋ ನೆನಪಾದವಳಂತೆ ಕೇಳಿದಳು.

"ಅಪ್ಪ, ಕೊಯ್ಲಲ್ಲಿ ಎಲ್ಲಾ ಗಿಡದಿಂದಲೂ ಒಂದೇ ಸಮ ಕಾಳು ತಗೋಬೇಕು ಅಂತ ಇತ್ತಲ್ಲ, ತಗೋತಿದ್ದೆಯಾ?"

"ತಗೋತಿದ್ದೆ. ಚೆನ್ನಾಗಿರೋದ್ರಿಂದ."

"ಚೆನ್ನಾಗಿಲ್ದೇ ಇರೋದು?"

"ಅದನ್ನ ಯಾರಾದ್ರೂ ಬೀಜಕ್ಕೆ ಇಡ್ತಾರೇನೇ? ನಮ್ಮಪ್ಪ ನೋಡಿದ್ರೆ ಬೆನ್ನ ಮೇಲೆ ಬಾರಿಸೋನು. ಕುಳ್ಳು, ಸೊಟ್ಟ, ಬಣ್ಣಗೆಟ್ಟದ್ದು, ಎಲ್ಲಾ ಕಿತ್ತು ದನಕ್ಕೆ ಹಾಕಿಸ್ತಿದ್ದೆ. ಭಂಡಾರದ ಸಾಹೇಬರಿಗೆ ಹೇಳ್ತಿರಲಿಲ್ಲ. ಓದಿದೋರು ಪಾಪ, ಬೇಸಾಯ ಅವರಿಗೇನು ಗೊತ್ತು."

ಒಲೆಯ ಮುಂದಿನಿಂದ ಅಮ್ಮ ತಿರುಗದೆಯೇ ಹೇಳಿದಳು: "ಕುಳ್ಳಗಿರೋದನ್ನೆಲ್ಲ ಕಿತ್ತೆಸೆದೋರು ನನ್ನ ಹೇಗೆ ಮನೆ ತುಂಬಿಸ್ಕೊಂಡ್ರೋ."

ಅಪ್ಪ ಹೊಟ್ಟೆ ಕುಣಿಸಿಕೊಂಡು ನಕ್ಕ. ಪುಟ್ಟಿಗೆ ನಗು ಬರಲಿಲ್ಲ.

ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಆ ಸಾಹೇಬರ ಮೇಲೆ ಬಂತು. ನಿಯಮ ಹೇಳಿದವರು ಕಾರಣ ಹೇಳಿರಲಿಲ್ಲ. ಒಳ್ಳೆಯದನ್ನು ಆರಿಸಿ ಬೀಜಕ್ಕಿಡುವುದು ಬೇಸಾಯಗಾರನ ರಕ್ತದಲ್ಲೇ ಇರುವುದು. ಇಲ್ಲಿ ಮಾತ್ರ ಒಳ್ಳೆಯದು ಕೆಟ್ಟದ್ದು ಎನ್ನದೆ ಎಲ್ಲವನ್ನೂ ಕಾಯಬೇಕು, ಯಾವುದು ಯಾವಾಗ ಬೇಕಾದೀತೋ ಯಾರಿಗೂ ಗೊತ್ತಿರುವುದಿಲ್ಲ ಎಂದು ಒಂದು ಮಧ್ಯಾಹ್ನ ಕೂರಿಸಿಕೊಂಡು ಹೇಳಿದ್ದರೆ ಆಗುತ್ತಿತ್ತು.

ಮರುದಿನ ಅವಳು ವರದಿಯಲ್ಲಿ "ಕುಳ್ಳು ಗಿಡ ಸಿಗಲಿಲ್ಲ, ಕಾರಣ ತಿಳಿದಿಲ್ಲ" ಎಂದು ಬರೆದಳು. ಬರೆದದ್ದೇನೋ ಸುಲಭವಾಯಿತು, ಕಳಿಸಲು ಕೈ ಬರಲಿಲ್ಲ. ಅಪ್ಪ ಬೆಳೆದದ್ದು ಅದೊಂದೇ ಅಲ್ಲ, ನಾನೂರಕ್ಕೂ ಹೆಚ್ಚು ಬಗೆ. ಕೆಲವುಗಳ ಮೊದಲ ಪೊಟ್ಟಣದಲ್ಲಿ ಇನ್ನೂ ಕಾಳಿದ್ದವು, ಅವುಗಳ ಜೀವ ಇವತ್ತೋ ನಾಳೆಯೋ ಎಂಬಂತಿತ್ತು. ಯಾವುದರಲ್ಲಿ ಗಿಡ ಕಿತ್ತದ್ದು, ಯಾವುದನ್ನು ಮೊದಲು ಬಿತ್ತಿ ಉಳಿಸಿಕೊಳ್ಳಬೇಕು ಎಂಬುದು ಅಪ್ಪನೊಬ್ಬನಿಗೆ ಗೊತ್ತು, ಗೊತ್ತಿದೆ ಎಂಬುದೇ ಅವನಿಗೆ ಗೊತ್ತಿಲ್ಲ. ಬಾಯಿ ಮುಚ್ಚಿಕೊಂಡರೆ ಅವೂ ಹೋಗುತ್ತವೆ, ಬಾಯಿ ಬಿಟ್ಟರೆ ಎಪ್ಪತ್ತೊಂದರ ಈ ವಯಸ್ಸಿನಲ್ಲಿ ಅಪ್ಪ ತಲೆ ತಗ್ಗಿಸಬೇಕಾಗುತ್ತದೆ. ಮೂರು ದಿನ ವರದಿ ಅವಳ ಮೇಜಿನ ಮೇಲೆಯೇ ಬಿದ್ದಿತ್ತು.

ಗುರುವಾರ ಊಟದ ಹೊತ್ತಿಗೆ ಮನೆಗೆ ಬಂದು ಅಪ್ಪನನ್ನು ಹೊಲಕ್ಕೆ ಕರೆದುಕೊಂಡು ಹೋದಳು. ಸಾಲು ಕಂಡದ್ದೇ ಅವನ ಮುಖ ಅರಳಿತು. ಒಂದು ತೆನೆಯನ್ನು ಅಂಗೈಯಲ್ಲಿ ಹಿಡಿದು ತೂಗಿ ನೋಡಿದ.

"ನೋಡು, ಒಂದು ಜೊಳ್ಳಿಲ್ಲ."

"ಅದೇ ತೊಂದರೆ ಆಗಿರೋದು ಅಪ್ಪ," ಎಂದಳು ಪುಟ್ಟಿ. ಪುಸ್ತಕ ತೆರೆದು ಆ ಮೂರು ಸಾಲು ಓದಿದಳು. ಕಳೆಯ ವಿಷಯ, ಖಾಲಿ ಪೊಟ್ಟಣದ ವಿಷಯ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು.

ಅಪ್ಪ ತೆನೆಯಿಂದ ಕೈ ತೆಗೆದ.

"ಈಗ ಎಲ್ಲೂ ಇಲ್ವಾ ಅದು?"

"ಇಲ್ಲಪ್ಪ."

ಅವನು ಬದುವಿನ ಮೇಲೆ ಕುಕ್ಕರಿಸಿದ.

"ಒಬ್ಬರಾದ್ರೂ ಹೇಳಬಾರದಿತ್ತಾ ಪುಟ್ಟಿ? ಹೇಳಿದ್ರೆ ನಾನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಿದ್ದೆ."

"ಗೊತ್ತು ಅಪ್ಪ."

"ವರದೀಲಿ ಏನು ಬರ್ದಿದ್ದೀಯ?"

"ಕಾರಣ ತಿಳಿದಿಲ್ಲ ಅಂತ."

"ತಿಳಿದಿದೆಯಲ್ಲ. ಹೊಡೆದು ಹಾಕು ಅದನ್ನ."

ಭಂಡಾರದ ಒಳಗೆ ಅವನು ಕುರ್ಚಿ ಎಳೆದುಕೊಂಡು ಕೂತ. ಹೊಲದ ಹಳೆಯ ನಕ್ಷೆಗಳನ್ನೆಲ್ಲ ತರಿಸಿ ವರ್ಷದ ಪ್ರಕಾರ ಜೋಡಿಸಿದ. ಬೆರಳಿಟ್ಟು ಒಂದೊಂದೇ ತಾಕು ಹೇಳತೊಡಗಿದ.

"ಬರ್ಕೋ. ಬಾವಿ ಕಡೆ ತಾಕು, ಏಳನೇ ಸಾಲು. ಐದು ಗಿಡ ಕಿತ್ತೆ. ಮೂರಕ್ಕೆ ತೆನೆ ಕೆಳಗೆ ಬಾಗಿತ್ತು, ಎರಡಕ್ಕೆ ಕಾಳು ಕಪ್ಪು."

ಪುಟ್ಟಿ ಆ ಸಾಲಿನ ಬೀಜದ ನಂಬರು ಹುಡುಕಿ ನೋಡಿದಳು. ಹಳೆಯ ಪೊಟ್ಟಣದಲ್ಲಿ ಅರವತ್ತು ಕಾಳು ಉಳಿದಿದ್ದವು. ಮೊದಲು ಬಿತ್ತಬೇಕಾದ್ದು ಎಂದು ಗುರುತು ಹಾಕಿದಳು. ಸಂಜೆಯ ಹೊತ್ತಿಗೆ ಅಂಥವು ಹತ್ತೊಂಬತ್ತು ಸಿಕ್ಕವು. ಖಾಲಿಯಾದವು ಇಪ್ಪತ್ತೆರಡು. ಎಲ್ಲದರ ಕೆಳಗೂ ಅಪ್ಪ ತಾನೇ ಸಹಿ ಹಾಕಿದ.

ಕೊನೆಗೆ ಆ ಜೋಳದ ಸಾಲಿಗೆ ಬಂದಾಗ ಬೆರಳು ನಿಂತಿತು.

"ಇದು ನನಗೆ ಚೆನ್ನಾಗಿ ನೆನಪಿದೆ. ಸೊಂಟದ ಎತ್ತರ, ಎಲೆ ಅಗಲ. ಬೇರು ಎಷ್ಟು ಗಟ್ಟಿ ಅಂದ್ರೆ, ಕೀಳೋಕೆ ಎರಡೂ ಕೈ ಬೇಕಾಗ್ತಿತ್ತು. ಅದನ್ನೂ ಬರಿ."