ಎಂಜಿನ್ ಕಡೆಯ ಗಂಟು

ಗೇರ್‌ಬಾಕ್ಸ್ ಬಿಚ್ಚುವ ಅಗತ್ಯವಿಲ್ಲ ಎಂದು ಮಸ್ತಾನ್ ಸಾಬರು ಮೂರು ಸಲ ಹೇಳಿದರು. ಬಗ್ಗಿದ ಮಡ್‌ಗಾರ್ಡ್ ತಟ್ಟಿ, ಮುಂದಿನ ಆಕ್ಸಲ್ ಸರಿಮಾಡಿದರೆ ಟ್ರ್ಯಾಕ್ಟರ್ ಓಡುತ್ತದೆ ಎಂದರು.

"ಬಿಚ್ಚಿ," ಎಂದೆ.

"ನಮ್ ಸೊಸೆ ಎಂಎಸ್‌ಸಿ ಲೆಕ್ಕ ಓದವ್ಳೆ, ಸಾಬ್ರೇ. ಒಳಗೆ ನೋಡ್ದೆ ಅವಳಿಗೆ ಸಮಾಧಾನ ಆಗಲ್ಲ," ಎಂದರು ಅತ್ತೆ ಮುನಿತಾಯಮ್ಮ, ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಾ.

"ಆಯ್ತು ಬಿಡಕ್ಕ. ನಂಗೇನು, ಇನ್ನೊಂದಿನ ನಿಮ್ಮನೆ ಸಾರು ಸಿಗ್ತದೆ."

ನಾನು ನೋಡಬೇಕಾಗಿದ್ದದ್ದು ಒಂದೇ ಒಂದು ಗೇರು. ಅದನ್ನು ಯಾರಿಗೂ ಹೇಳಿರಲಿಲ್ಲ.

ಹೋದ ವರ್ಷ ನನ್ನ ಗಂಡ ಅಂಬರೀಶ್ ಇದೇ ಹುಣಸೆಮರದ ಕೆಳಗೆ ಈ ಗೇರ್‌ಬಾಕ್ಸನ್ನು ಬಿಚ್ಚಿದ್ದ. ಟ್ರ್ಯಾಕ್ಟರ್ ಅವನ ತಾತನ ಕಾಲದ್ದು, ನನಗಿಂತ ಇಪ್ಪತ್ತೈದು ವರ್ಷ ಹಿರಿಯದು. ಬೇರಿಂಗ್ ಸದ್ದು ಮಾಡುತ್ತಿತ್ತು. ಅವನು ಕೆಲಸ ಕಲಿತದ್ದು ದೊಡ್ಡಬಳ್ಳಾಪುರದಲ್ಲಿ, ಮಸ್ತಾನ್ ಸಾಬರ ಷೆಡ್ಡಿನಲ್ಲಿ. ಕ್ರಮವೂ ಅವರದೇ. ಶಾಫ್ಟಿನಿಂದ ಹೊರಬಂದ ಗೇರುಗಳನ್ನು ಬಂದ ಸಾಲಿನಲ್ಲೇ ನೂಲಿಗೆ ಪೋಣಿಸಬೇಕು. ಎಂಜಿನ್ ಕಡೆಗಿದ್ದ ಮಗ್ಗುಲಿಗೆ ಗಂಟು ಹಾಕಬೇಕು; ಗೇರು ತಿರುಗಿ ಕೂತರೆ ಹಿಡಿತ ನಿಲ್ಲುವುದಿಲ್ಲ. ಸಾಬರ ಹೆಂಡತಿ ಶಾಕಿರಾ ಮಗ್ಗದಲ್ಲಿ ಮಿಕ್ಕ ರೇಷ್ಮೆ ಎಳೆಗಳನ್ನು ಹೊಸೆದು ಆ ನೂಲು ಮಾಡುತ್ತಿದ್ದರು.

ಪೋಣಿಸುವುದು ನನ್ನ ಪಾಲಿಗೆ ಬಂದಿತ್ತು. ಅಂಬರೀಶ್ ಊಟಕ್ಕೆ ಒಳಗೆ ಹೋಗಿದ್ದಾಗ ನೂಲು ಹರಿಯಿತು. ಮೂರನೆಯ ಗೇರು ಜಾರಿ ಮಣ್ಣಿಗೆ ಬಿತ್ತು. ಒರೆಸಿ ಮತ್ತೆ ಪೋಣಿಸಿದೆ. ಅದಕ್ಕೆ ಎರಡು ಮಗ್ಗುಲಿವೆ, ತಿರುಗಿಸಿ ಹಾಕಿರಬಹುದು ಎಂಬುದು ಹೊಳೆದದ್ದು ಆಮೇಲೆ. ಹೇಳಿದರೆ ನಗುತ್ತಾನೆ ಎಂದು ಸುಮ್ಮನಾದೆ.

ನಲವತ್ತು ದಿನ ಓಡಿತು. ಒಂದು ಬೆಳಿಗ್ಗೆ ಮಾಕಳಿದುರ್ಗದ ಏರಿನಲ್ಲಿ, ನೀಲಗಿರಿ ಕಟ್ಟಿಗೆ ಹೇರಿದ ಟ್ರೈಲರ್ ಸಮೇತ ಹಿಂದಕ್ಕೆ ಉರುಳಿತು. ಗೇರ್ ಹಾರಿ ಹಿಡಿತ ತಪ್ಪಿರಬೇಕು ಎಂದರು ನೋಡಿದವರು. ಅಂದೇ ಅಂಬರೀಶ್ ಹೋದ; ಹನ್ನೊಂದು ತಿಂಗಳಾಯಿತು. ಗೇರ್ ಹಾರಿತು ಎಂಬ ಆ ಒಂದು ಮಾತು ಬಿಟ್ಟು ಬೇರೆ ಯಾವುದೂ ನನ್ನೊಳಗೆ ಇಳಿದಿಲ್ಲ.

ಸಾಬರು ಎಣ್ಣೆ ಇಳಿಸಿ, ಬೋಲ್ಟುಗಳನ್ನು ಬಿಚ್ಚಿ, ಗೇರ್ ಲಿವರ್ ಸಮೇತ ಮೇಲಿನ ಮುಚ್ಚಳ ಎತ್ತಿದರು.

"ಬಾಮ್ಮ, ನೋಡು."

ಬಗ್ಗಿದೆ. ಹೊರಗೆ ಬಣ್ಣ ಹೋಗಿ, ಕೋಳಿ ಹಿಕ್ಕೆ ಮೆತ್ತಿ, ತುಕ್ಕು ತಿಂದ ಕಬ್ಬಿಣ. ಒಳಗೆ ತುಕ್ಕಿನ ಒಂದು ಚುಕ್ಕಿಯೂ ಇಲ್ಲ. ಮೇಲೊಂದು ಶಾಫ್ಟು, ಕೆಳಗೊಂದು. ದೊಡ್ಡ ಚಕ್ರಕ್ಕೆ ಸಣ್ಣದು, ಸಣ್ಣದಕ್ಕೆ ದೊಡ್ಡದು. ಜೇನಿನ ಬಣ್ಣದ ಎಣ್ಣೆ ಹಲ್ಲಿನಿಂದ ಹಲ್ಲಿಗೆ ತೊಟ್ಟಿಕ್ಕುತ್ತಿತ್ತು. ಎಲೆಗಳ ನಡುವಿನಿಂದ ಬಿಸಿಲಿನ ಚೂರೊಂದು ಬಿದ್ದು ಅಷ್ಟೂ ಹಲ್ಲುಗಳಿಗೆ ಹಂಚಿಹೋಯಿತು. ಸಾಬರು ಬೆರಳಿನಲ್ಲಿ ತಳ್ಳಿದರು. ಎಲ್ಲವೂ ಒಟ್ಟಿಗೆ, ಸದ್ದಿಲ್ಲದೆ ತಿರುಗಿತು. ಹೋದ ವರ್ಷವೂ ಇದು ಹೀಗೇ ಇದ್ದಿರಬೇಕು. ಆಗ ನಾನು ನೋಡುತ್ತಿದ್ದದ್ದು ಅವನನ್ನು.

ಅಭ್ಯಾಸಬಲದಿಂದ ಎಣಿಸಿದೆ. ಸಣ್ಣದಕ್ಕೆ ಹದಿನೇಳು ಹಲ್ಲು, ಅದರ ಜೊತೆಯದಕ್ಕೆ ನಲವತ್ತೊಂದು. ಮತ್ತೊಮ್ಮೆ ಎಣಿಸಿದೆ. ಒಂದನ್ನು ಬಿಟ್ಟರೆ ಎರಡಕ್ಕೂ ಸಾಮಾನ್ಯ ಅಪವರ್ತನವಿಲ್ಲ. ಸಣ್ಣದರ ಒಂದು ಹಲ್ಲು ಈಗ ಮುಟ್ಟಿದ ಹಲ್ಲನ್ನೇ ಮತ್ತೆ ಮುಟ್ಟಬೇಕಾದರೆ, ನಡುವೆ ಆ ಕಡೆಯ ಉಳಿದ ನಲವತ್ತನ್ನೂ ಮುಟ್ಟಿ ಬರಬೇಕು.

"ಬೇಕಂತ್ಲೇ ಹಂಗೆ ಮಾಡಿದಾರಾ?" ಎಂದೆ.

"ಮತ್ತೆ? ಒಬ್ಬನ ಮೇಲೇ ಏಟು ಬೀಳ್ಬಾರ್ದು, ಎಲ್ಲಾರೂ ಸಮವಾಗಿ ಸವೀಬೇಕು. ನಂಗೆ ಕೆಲಸ ಕಲಿಸಿದ ಉಸ್ತಾದ್ ಹೇಳ್ತಿದ್ರು. ನಂಗೆ ಈ ಲೆಕ್ಕ ಹೇಳೋಕೆ ಬರಲ್ಲ, ನೋಡು."

ಯಾರೋ ಎಲ್ಲೋ ಕುಳಿತು ಇದನ್ನು ಯೋಚಿಸಿದ್ದರು. ಯಾರ ಕಣ್ಣಿಗೂ ಬೀಳದ ಕತ್ತಲಲ್ಲಿ ಅದು ಐವತ್ತು ವರ್ಷ ತಪ್ಪದೆ ನಡೆದಿತ್ತು. ಬಹಳ ದಿನಗಳ ಮೇಲೆ ಮೈ ಜುಮ್ಮೆಂದಿತು.

ಮೇಲಿನ ಶಾಫ್ಟು ಹೊರಬಂತು. ಆಮೇಲೆ ಸಾಬರು ಕೆಳಗಿನದಕ್ಕೆ ಹಿತ್ತಾಳೆ ಕಂಬಿ ಇಟ್ಟು ಮೆಲ್ಲಗೆ ತಟ್ಟತೊಡಗಿದರು. ಶಾಫ್ಟು ಬೆರಳಗಲ, ಬೆರಳಗಲ ಹಿಂದೆ ಸರಿದಂತೆ ಗೇರುಗಳು ಒಂದೊಂದಾಗಿ ಕಳಚಿದವು. ಒಂದು. ಎರಡು. ನಾನು ಪೋಣಿಸಿ ಗಂಟು ಹಾಕಿದೆ.

ಮೂರನೆಯದು ಅವರ ಕೈಯಲ್ಲಿತ್ತು.

"ಸಾಬ್ರೇ, ಅದು ಸರಿಯಾಗಿ ಕೂತಿತ್ತಾ? ತಿರುಗುಮುರುಗಾಗಿ ಇರ್ಲಿಲ್ವಾ?"

ಅವರು ನನ್ನ ಮುಖ ನೋಡಿದರು. ಬಟ್ಟೆಯಲ್ಲಿ ಗೇರು ಒರೆಸಿ, ಬಿಸಿಲಿಗೆ ಹಿಡಿದು, ಇದ್ದಕ್ಕಿದ್ದಂತೆ ನಕ್ಕರು.

"ಕಳ್ಳ ನನ್ಮಗ ಅಂಬರೀಶ! ನಾನು ಹೇಳ್ಕೊಟ್ಟ ನೂಲನ್ನೇ ನಂಬಿಲ್ಲ. ನೋಡಿಲ್ಲಿ."

ಎಂಜಿನ್ ಕಡೆಯ ಮಗ್ಗುಲಲ್ಲಿ, ಹಲ್ಲುಗಳಿಂದ ಒಳಗೆ, ಮೂರು ಸಣ್ಣ ಚುಕ್ಕೆಗಳಿದ್ದವು. ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆದವು. ಅಂದು ಒರೆಸಿದಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಬಿಚ್ಚೋಕೆ ಮುಂಚೆನೇ ಗುರುತು ಹಾಕವ್ನೆ. ಮೂರನೇದಕ್ಕೆ ಮೂರು. ಸರಿಯಾಗೇ ಕೂತಿತ್ತಮ್ಮ. ಹಲ್ಲು ನೋಡು, ಒಂದೂ ಮುಕ್ಕಾಗಿಲ್ಲ. ಗೇರ್ ಹಾರಿಲ್ಲ."

ನೂಲಿನಲ್ಲಿದ್ದ ಎರಡನ್ನೂ ತಿರುಗಿಸಿ ನೋಡಿದೆ. ಒಂದು ಚುಕ್ಕೆ. ಎರಡು ಚುಕ್ಕೆ. ಅಂದು ಅವನು ನನ್ನ ಗಂಟುಗಳನ್ನು ಹೊಗಳಿದ್ದ.

"ನೂಲು ಹರಿದಿತ್ತು," ಎಂದೆ. "ಅದು ಬಿದ್ದೋಯ್ತು. ನಾನೇ ಮತ್ತೆ ಪೋಣಿಸಿದ್ದು. ಅವನಿಗೆ ಹೇಳ್ಲಿಲ್ಲ."

ಅವರೆಕಾಯಿ ಸುಲಿಯುವ ಸದ್ದು ನಿಂತಿತು.

"ನೂಲು ಅಂದ್ಮೇಲೆ ಹರೀತದಮ್ಮ," ಎಂದರು ಸಾಬರು. "ದೊಡ್ಬಳ್ಳಾಪುರದ ಮಗ್ಗದೋರ್ನ ಯಾರ್ನ ಬೇಕಾದ್ರೂ ಕೇಳು."

"ಹಂಗಾದ್ರೆ ಯಾಕೆ ಹಿಂದಕ್ಕೆ ಬಂತು?"

ಅವರು ಗೇರನ್ನು ನನ್ನ ಎರಡೂ ಕೈಗಳಲ್ಲಿಟ್ಟರು. ಭಾರವಿತ್ತು.

"ಗೊತ್ತಿಲ್ಲ. ಇದರ ಕೈಲಿ ಇಷ್ಟೇ ಹೇಳೋಕಾಗೋದು, ನಾನಲ್ಲ ಅಂತ."

ಅತ್ತೆ ಜಗುಲಿಯಿಂದ ಇಳಿದು ಬಂದರು. "ಅದಕ್ಕೇನೇ ನೀನು ಇಷ್ಟು ದಿನ ಈ ಮರದ ಕಡೆ ತಲೆ ಹಾಕ್ದೆ ಇದ್ದಿದ್ದು?"

ಹೌದೆಂದು ತಲೆಯಾಡಿಸಿದೆ. ಅವರು ಸೆರಗು ಸಿಕ್ಕಿಸಿ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು, ನೂಲಿನ ಆ ಕೊನೆಯನ್ನು ಬೆರಳಿಗೆ ಸುತ್ತಿಕೊಂಡರು.

"ಈ ಸಲ ಎರಡು ಸುತ್ತು ಹಾಕು," ಎಂದರು. "ನಾನು ಹಿಡ್ಕೊಂಡಿರ್ತೀನಿ."

ಮೂರು ಚುಕ್ಕೆಗಳ ಮಗ್ಗುಲಿಗೆ ಗಂಟು ಬಿಗಿದೆ. ಸಾಬರು ಮತ್ತೆ ಹಿತ್ತಾಳೆ ಕಂಬಿ ತಟ್ಟಿದರು. ನಾಲ್ಕನೆಯದು ಎಣ್ಣೆಯಿಂದ ಮೇಲೆ ಬಂತು, ಹೊಳೆಯುತ್ತಾ.