ಲೆಕ್ಕಕ್ಕೆ ಬಾರದ ಊರು

ಭೂತಗನ್ನಡಿಯನ್ನು ರೋಮ್ ನಗರದ ಮೇಲೆ ಹಿಡಿದು ಮಗಳು ಅಮ್ಮನ ಮುಖ ಹುಡುಕುತ್ತಿದ್ದಳು. ಸಿಕ್ಕಿತು. ಸಾಸಿವೆ ಕಾಳಿನಷ್ಟಿತ್ತು. ದೊಡ್ಡದೊಂದು ಕಂಬದ ಬುಡದಲ್ಲಿ ಒಂದು ಕೋಟು, ಕೋಟಿನ ಎರಡೂ ಬದಿಗೆ ಒಂದೊಂದು ಚೀಲ, ಮೇಲೆ ಆ ಕಾಳು. ಕಂಬ ಮಾತ್ರ ಒಂದೊಂದು ಬಿರುಕೂ ಎಣಿಸುವಷ್ಟು ನಿಚ್ಚಳವಾಗಿತ್ತು.

"ರೋಮ್ ಆಗಲ್ಲ ಅಂದ್ರೆ ವಿಯೆನ್ನಾ ಆಲ್ಬಮ್ ತೆಗಿ," ಎಂದ ಅಪ್ಪ, ಕನ್ನಡಿಯ ಮುಂದೆ ಕೂದಲು ಬಾಚುತ್ತ. "ಅಲ್ಲಿ ಬೆಳಕು ಚೆನ್ನಾಗಿತ್ತು."

"ವಿಯೆನ್ನಾದಲ್ಲಿ ಅಮ್ಮ ಬೆನ್ನು ತಿರುಗಿಸಿ ನಿಂತಿದ್ದಾಳೆ."

"ಹೌದು. ಅವತ್ತು ಗೋಪುರದ ಮೇಲೆ ಬಿಸಿಲು ಆ ಕಡೆಯಿಂದ ಬಿದ್ದಿತ್ತು."

ಹನ್ನೊಂದು ಗಂಟೆಗೆ ಚಿತಾಗಾರದ ಹಾಲ್‌ನಲ್ಲಿರಬೇಕು. ಶವದ ಪೆಟ್ಟಿಗೆಯ ಬಳಿ ಇಡಲು ಒಂದು ಫೋಟೊ ತನ್ನಿ ಎಂದಿದ್ದರು ಅಲ್ಲಿನವರು. ಮನೆಯಲ್ಲಿ ಇಪ್ಪತ್ತೇಳು ಆಲ್ಬಮ್‌ಗಳಿದ್ದವು. ಒಂದರಲ್ಲೂ ಅಮ್ಮನಿಗೆ ಮೂಗು ಇರಲಿಲ್ಲ.

ಅಪ್ಪ ಇದ್ದದ್ದು ತೂಕ ಮತ್ತು ಅಳತೆಯ ಇಲಾಖೆಯಲ್ಲಿ. ಅಂಗಡಿಗಳಿಗೆ ನುಗ್ಗಿ ತಕ್ಕಡಿ ಪರೀಕ್ಷೆ ಮಾಡುವುದು ಕೆಲಸ. ವರ್ಷದ ರಜೆಯನ್ನೆಲ್ಲ ಕೂಡಿಹಾಕಿ ಆರು ವಾರ ಜಗತ್ತು ಸುತ್ತುವುದು ಹುಚ್ಚು. "ಸ್ಫೂರ್ತಿ ಕೊಡುವ ನೂರು ನಗರಗಳು" ಎಂಬ ಪಟ್ಟಿಯೊಂದನ್ನು ತಾನೇ ತಯಾರಿಸಿ, ನೋಡಿ ಮುಗಿಸಿದ್ದಕ್ಕೆ ಹಸಿರು ಶಾಯಿಯಲ್ಲಿ ಗುರುತು ಹಾಕುತ್ತಿದ್ದ. ಅರವತ್ತೊಂದು ಆಗಿದ್ದವು. ಬೀದಿಯವರು ಅವನನ್ನು ಭೂಪಟ ಎಂದು ಕರೆಯುತ್ತಿದ್ದರು. ಗೇಲಿ ಎಂದು ಗೊತ್ತಾಗದೆ ಅವನು ಅದನ್ನು ಬಿರುದೆಂದು ಇಟ್ಟುಕೊಂಡಿದ್ದ. ಕಟ್ಟಡದ ಎತ್ತರ ನೋಡುವವರಿಗೆ ತಿಳಿಯಬೇಕಾದರೆ ಪಕ್ಕದಲ್ಲೊಬ್ಬ ಮನುಷ್ಯ ಇರಬೇಕು ಎಂಬುದು ಅವನ ಸಿದ್ಧಾಂತ. ಅಮ್ಮ ಐದು ಅಡಿ ಒಂದು ಅಂಗುಲ. ಇಪ್ಪತ್ತೆಂಟು ವರ್ಷ ಅವಳು ಆ ಕೆಲಸ ಮಾಡಿದಳು.

ಇವತ್ತೂ ಅವನು ಹನ್ನೊಂದು ಜೇಬಿನ ಪ್ರವಾಸದ ಅಂಗಿಯನ್ನೇ ತೊಟ್ಟಿದ್ದ. ಬೇರೆ ಅಂಗಿ ಇಲ್ಲವೇ ಎಂದು ಮಗಳು ಕೇಳಲಿಲ್ಲ. ಕೇಳಿದರೆ ಜೇಬುಗಳ ಉಪಯೋಗ ಕೇಳಬೇಕಾಗುತ್ತಿತ್ತು.

ಚಿಕ್ಕಮ್ಮ ಬಾಗಿಲಲ್ಲಿ ಇಣುಕಿದಳು. "ಅಕ್ಕ ಸಿಕ್ಕಿದ್ಲಾ?"

"ಎಲ್ಲ ಕಡೆ ಇದ್ದಾಳೆ, ಚಿಕ್ಕಮ್ಮ. ಕಾಣಿಸ್ತಾ ಇಲ್ಲ ಅಷ್ಟೆ."

*

ಮಗಳನ್ನು ಅವರು ಕರೆದುಕೊಂಡು ಹೋಗಿದ್ದು ಒಂದೇ ಸಲ, ಅವಳಿಗೆ ಹನ್ನೊಂದು ವರ್ಷವಾದಾಗ. ಊರು ಪ್ರಾಗ್. ಅಲ್ಲಿ ಹಳೆಯ ಕಲ್ಲು ಸೇತುವೆಯ ಎರಡೂ ಕಡೆ ಒಟ್ಟು ಮೂವತ್ತು ಪ್ರತಿಮೆಗಳು. ಅಪ್ಪನಿಗೆ ಮೂವತ್ತೂ ಬೇಕು. ಮಳೆ ಸುರಿಯುತ್ತಿತ್ತು.

"ಹಿಂದಕ್ಕೆ ಹೋಗು. ಇನ್ನೂ ಹಿಂದಕ್ಕೆ. ಪಾದ ಕಾಣಿಸ್ಬೇಕು, ಪ್ರತಿಮೆದು," ಎನ್ನುತ್ತಿದ್ದ ಅಪ್ಪ, ಕೊಡೆಯ ಕೆಳಗಿನಿಂದ. ಕೊಡೆ ಕ್ಯಾಮೆರಾಕ್ಕೆ ಹಿಡಿದದ್ದು.

ಅಮ್ಮ ಹಿಂದೆ ಹಿಂದೆ ನಡೆದಳು. ನಡೆದಂತೆಲ್ಲ ಚಿಕ್ಕವಳಾದಳು. ಹತ್ತೊಂಬತ್ತನೆಯ ಪ್ರತಿಮೆಯ ಹೊತ್ತಿಗೆ ಅವಳ ಬೂಟಿನೊಳಗಿಂದ ನೀರು ಪಿಚಕ್ಕೆಂದು ಹಾರುತ್ತಿತ್ತು. ಮಗಳು ಅಳುವ ಮುಖ ಮಾಡಿದಾಗ ಅಮ್ಮ ದೂರದಿಂದಲೇ ಕಣ್ಣು ಮಿಟುಕಿಸಿ, ತಲೆಯ ಮೇಲಿನ ಕಲ್ಲಿನ ಸಂತನ ಗಡ್ಡವನ್ನು ಅನುಕರಿಸಿ ಗದ್ದ ಎಳೆದು ತೋರಿಸಿದಳು. ಆ ಫೋಟೊದಲ್ಲಿ ಸಂತನಿಗೆ ಗಡ್ಡವಿದೆ. ಅಮ್ಮನ ಗದ್ದ ಇಲ್ಲ.

ರಾತ್ರಿಯೂಟದ ಮೊದಲು ಅಪ್ಪ ನೋಟ್‌ಬುಕ್ ತೆರೆದು ಇಬ್ಬರನ್ನೂ ಕೇಳುತ್ತಿದ್ದ. "ಇವತ್ತು ಏನು ಸ್ಫೂರ್ತಿ ಬಂತು?"

"ಬಂತು," ಎನ್ನುತ್ತಿದ್ದಳು ಅಮ್ಮ, ಒದ್ದೆ ಕಾಲುಚೀಲ ಹಿಂಡುತ್ತ.

"ಏನು ಬಂತು ಅಂತ ಕೇಳಿದ್ದು."

"ತುಂಬಾ ಬಂತು. ಬರ್ಕೊಳ್ಳಿ."

ಅಪ್ಪ ಬರೆದುಕೊಳ್ಳುತ್ತಿದ್ದ.

*

ಫೋಟೊ ತಂದವಳು ಹೊಲಿಗೆ ಅಂಗಡಿಯ ಒಡತಿ. ಶಾಲೆಯ ಸಮವಸ್ತ್ರ ಹೊಲಿಯುವ ಆ ಅಂಗಡಿಯಲ್ಲಿ ಅಮ್ಮ ಕಾಜಾ ಹಾಕುತ್ತಿದ್ದಳು. ಗುಂಡಿಯ ತೂತಿನ ಅಂಚು ಬಿಚ್ಚದ ಹಾಗೆ ದಾರ ಸುತ್ತುವ ಕೆಲಸ. ಯಂತ್ರ ಬಂದ ಮೇಲೂ ಒಳ್ಳೆಯ ಬಟ್ಟೆಗೆ ಅಮ್ಮನ ಕೈಯೇ ಬೇಕಿತ್ತು. ಮೊನ್ನೆ ಮಧ್ಯಾಹ್ನ ಅಲ್ಲೇ, ದಾರ ಪೋಣಿಸುತ್ತಿದ್ದವಳು, ಯಾರೋ ಕರೆದಂತೆ ತಲೆಯೆತ್ತಿ ಹಾಗೇ ಮೇಜಿಗೆ ಒರಗಿದ್ದಳು. ಅರವತ್ತೆಂಟು ವರ್ಷ.

ಒಡತಿ ತಂದ ಚಿತ್ರದಲ್ಲಿ ಅಮ್ಮ ಹಲ್ಲಿನಲ್ಲಿ ದಾರ ಕಚ್ಚಿ, ತೊಂದರೆ ಕೊಟ್ಟವರನ್ನು ನೋಡುವ ಹಾಗೆ ಹುಬ್ಬು ಗಂಟಿಕ್ಕಿ ನೇರ ನೋಡುತ್ತಿದ್ದಳು. ಮೂಗಿತ್ತು. ಕಣ್ಣಿನ ಕೆಳಗಿನ ಮಚ್ಚೆಯೂ ಇತ್ತು.

ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. "ಇದು ಯಾವ ಊರು?"

"ನಮ್ಮ ಅಂಗಡಿ," ಎಂದಳು ಒಡತಿ. "ಹಿಂದಿನ ರೂಮು."

"ಹಿನ್ನೆಲೆನೇ ಇಲ್ಲವಲ್ಲ."

"ಇಲ್ಲ. ಅವರೊಬ್ಬರೇ."

ಹಾಲ್‌ನಲ್ಲಿ ನಲವತ್ತು ಕುರ್ಚಿಗಳಿದ್ದವು. ಒಂದು ಕಡೆ ಹೊಲಿಗೆಯ ಹೆಂಗಸರು, ಬೀದಿಯವರು. ಇನ್ನೊಂದು ಕಡೆ ಅಪ್ಪನ ಪ್ರವಾಸಿ ಸಂಘದವರು, ಎಲ್ಲರೂ ಬಿಸಿಲಿಗೆ ಸುಟ್ಟು ಗರಿಗರಿಯಾದವರು. ಸಂಘದ ಅಧ್ಯಕ್ಷ ಎದ್ದು ಮಾತಾಡಿದ. "ಅರವತ್ತೊಂದು ನಗರ ನೋಡಿದ ಪುಣ್ಯವಂತೆ. ಎಷ್ಟು ಜನಕ್ಕೆ ಸಿಗುತ್ತೆ ಹೇಳಿ ಈ ಭಾಗ್ಯ. ನಮ್ಮಲ್ಲಿ ಕೆಲವರು ಪಕ್ಕದ ಬಡಾವಣೆ ಸಹ ನೋಡಿರಲ್ಲ." ಕೊನೆಯ ಮಾತಿಗೆ ಅವನು ಹೊಲಿಗೆಯವರ ಸಾಲಿನ ಕಡೆ ಕರುಣೆಯಿಂದ ನೋಡಿದ.

"ಪುಣ್ಯವಂತೆ," ಎಂದು ಚಿಕ್ಕಮ್ಮ ಗೊಣಗಿದಳು. "ಮಂಡಿ ಚಿಪ್ಪು ಎರಡೂ ಸವೆದಿತ್ತು."

ಆಮೇಲೆ ಅಪ್ಪ. ಹೆಂಡತಿಯ ಬಗ್ಗೆಯೇ ಶುರುಮಾಡಿದ, ಅದನ್ನು ಒಪ್ಪಿಕೊಳ್ಳಬೇಕು. ಅವಳ ತಾಳ್ಮೆ, ಚೀಲ ಕಟ್ಟುವ ಅಚ್ಚುಕಟ್ಟು. ಚೀಲದಿಂದ ಇಸ್ತಾಂಬುಲ್ಲಿನ ಮಾರುಕಟ್ಟೆಗೆ ಬಂದ. ಮಾರುಕಟ್ಟೆಯಿಂದ ಅಲ್ಲಿನ ದೊಡ್ಡ ಗುಮ್ಮಟಕ್ಕೆ ಏರಿದ. ಮೇಲೇರಿದವನು ಕೆಳಗಿಳಿಯಲೇ ಇಲ್ಲ. ಅಷ್ಟು ದೊಡ್ಡ ಗುಮ್ಮಟವನ್ನು ಕಂಬಗಳು ಹೇಗೆ ಹೊತ್ತಿವೆ ಎಂದು ಕೈಯಲ್ಲಿ ತೋರಿಸುವಾಗ ಅವನ ಮೊಣಕೈ ತಗುಲಿ ಅಮ್ಮನ ಫೋಟೊ ಬಿತ್ತು. ಒಡತಿ ಎದ್ದು ನೆಟ್ಟಗೆ ಮಾಡಿದಳು. ಅಪ್ಪ ನಿಲ್ಲಿಸಲಿಲ್ಲ.

"ಕೊನೆಯದಾಗಿ," ಎಂದ. "ಮುಂದಿನ ತಿಂಗಳು ನಾವಿಬ್ಬರೂ ಪೋರ್ಟೊಗೆ ಹೊರಟಿದ್ವಿ. ಟಿಕೆಟ್ ಆಗಿದೆ. ಹಿಂದೆ ಒಂದ್ಸಲ ಹೋಗಿದ್ವಿ, ನನಗೆ ಜ್ವರ ಬಂದು ಹೋಟೆಲಲ್ಲಿ ಹಾಸಿಗೆ ಬಿಟ್ಟು ಏಳಕ್ಕಾಗ್ಲಿಲ್ಲ. ಪಾಪ, ಅವಳೂ ನಾಲ್ಕು ದಿನ ಏನೂ ನೋಡ್ಲಿಲ್ಲ. ಅದೊಂದು ಬಾಕಿ ಉಳಿದುಹೋಗಿತ್ತು. ಈಗ ಅವಳ ಬೂದಿ ತಗೊಂಡು ಹೋಗಿ ಅಲ್ಲಿನ ನದಿಗೆ ಬಿಡ್ತೀನಿ. ಅರವತ್ತೆರಡನೇ ನಗರ ಅವಳ ಹೆಸರಲ್ಲಿ."

ಸಂಘದವರ ಸಾಲಿನಲ್ಲಿ ಒಬ್ಬಾತ ಚಪ್ಪಾಳೆ ತಟ್ಟಿ, ಎಲ್ಲಿದ್ದೇನೆಂದು ನೆನಪಾಗಿ ಕೈ ತೊಡೆಯ ಕೆಳಗೆ ಇಟ್ಟುಕೊಂಡ.

ಮಗಳಿಗೆ ಮೈಯೆಲ್ಲ ಉರಿದುಹೋಯಿತು.

*

ಮಗಳು ಓಡಿಸುತ್ತಿದ್ದುದು ಹನ್ನೆರಡನೆಯ ನಂಬರ್ ಬಸ್ಸು, ನದಿ ದಂಡೆಯಿಂದ ಆಸ್ಪತ್ರೆಯವರೆಗೆ, ಮತ್ತೆ ಆಸ್ಪತ್ರೆಯಿಂದ ನದಿ ದಂಡೆಗೆ. "ಜೀವಮಾನವಿಡೀ ಒಂದೇ ರಸ್ತೆ," ಎಂದು ಅಪ್ಪ ಬಂದವರ ಮುಂದೆಲ್ಲ ಮೂಗು ಮುರಿಯುತ್ತಿದ್ದ. ಅಮ್ಮ ಅಂಗಡಿ ರಜೆಯ ದಿನ ಬಂದು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಮೂರು ಸುತ್ತು ಹಾಕುತ್ತಿದ್ದಳು. ಬಸ್ ಓಡುವಾಗ ಡ್ರೈವರ್ ಮಾತಾಡುವಂತಿಲ್ಲ. ಕೊನೆಯ ನಿಲ್ದಾಣದಲ್ಲಿ ಏಳು ನಿಮಿಷ ನಿಲುಗಡೆ, ಮಾತೆಲ್ಲ ಆಗಲೇ.

ಹೋದ ವರ್ಷ ಅಂಥದೊಂದು ಏಳು ನಿಮಿಷದಲ್ಲಿ ಮಗಳು ಕೇಳಿದ್ದಳು, ಅರವತ್ತೊಂದರಲ್ಲಿ ನಿನಗೆ ಯಾವ ಊರು ಇಷ್ಟ ಎಂದು.

"ಅದರಲ್ಲಿ ಒಂದೂ ಇಲ್ಲ," ಎಂದಳು ಅಮ್ಮ. "ಪೋರ್ಟೊ. ನಿಮ್ಮಪ್ಪನಿಗೆ ಜ್ವರ ಬಂತಲ್ಲ. ಪುಣ್ಯದ ಜ್ವರ."

"ಅಲ್ಲೇನು ನೋಡ್ದೆ?"

"ಮಾತ್ರೆ ತರೋಕೆ ಹೊರಟೆ, ದಾರಿ ತಪ್ತು. ಒಂದು ಗಲ್ಲಿಲಿ ಹೊಲಿಗೆ ಅಂಗಡಿ. ಬಾಗಿಲು ತೆಗೆದಿತ್ತು. ಒಬ್ಬಳು ಮುದುಕಿ ಕೋಟಿಗೆ ಕಾಜಾ ಹಾಕ್ತಾ ಇದ್ಲು, ಅಷ್ಟು ಕೆಟ್ಟದಾಗಿ. ನೋಡೋಕಾಗ್ಲಿಲ್ಲ. ಒಳಗೆ ಹೋಗಿ ಕೈಯಿಂದ ಕಿತ್ಕೊಂಡೆ."

"ಬೈಲಿಲ್ವಾ?"

"ಬೈದಿರ್ಬೇಕು. ನನಗೆ ಅರ್ಥ ಆಗ್ಬೇಕಲ್ಲ. ಒಂದು ಕಾಜಾ ಮುಗಿಸಿ ಕೊಟ್ಟೆ. ಕನ್ನಡಕ ಹಣೆಗೇರಿಸಿ ತುಂಬಾ ಹೊತ್ತು ನೋಡಿದ್ಲು. ಆಮೇಲೆ ಒಳಗಿಂದ ಇನ್ನೂ ಮೂರು ಕೋಟು ತಂದು ನನ್ನ ಮುಂದೆ ಹಾಕಿದ್ಲು." ಅಮ್ಮ ನಕ್ಕಳು. "ನಾಲ್ಕು ದಿನವೂ ಹೋದೆ. ಅವಳ ತಟ್ಟೇಲೇ ಊಟ. ಕಿಟಕಿ ಹತ್ರ ಕೂರಿಸಿದ್ಲು. ಗಲ್ಲಿಯವರೆಲ್ಲ ಬಂದು ನನ್ನ ಕೈ ನೋಡಿ ಹೋದ್ರು. ಅವಳ ಸೊಸೆ ಎಂಥ ಗಯ್ಯಾಳಿ ಅನ್ನೋದೂ ಗೊತ್ತಾಯ್ತು, ಒಂದಕ್ಷರ ಭಾಷೆ ಬರದೆ."

"ಅಪ್ಪನ ಮಾತ್ರೆ?"

"ದಿನಾ ಸಾಯಂಕಾಲ ತಗೊಂಡು ಹೋಗ್ತಿದ್ದೆ. ಅಷ್ಟು ಬೇಗ ವಾಸಿಯಾಗಿ ಏನು ಮಾಡ್ಬೇಕಿತ್ತು."

ಮಗಳು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಕ್ಕಳು. ಅಮ್ಮ ಸೀರಿಯಸ್ಸಾಗಿಯೇ ಇದ್ದಳು. "ತಾನು ನೋಡದ ಊರು ಲೆಕ್ಕಕ್ಕಿಲ್ಲ ಅಂತ ಪಟ್ಟೀಲಿ ಅದಕ್ಕೆ ಹಸಿರು ಗುರುತು ಹಾಕ್ಲಿಲ್ಲ. ಇರಲಿ ಅಂದ್ಕೊಂಡೆ. ನಾನು ನೋಡಿದ್ದು ಅದೊಂದೇ ಊರು. ಅವರಿಗೆ ಹೇಳ್ಬೇಡ ಮತ್ತೆ. ಹೇಳಿದ್ರೆ ಆ ಮುದುಕಿ ಅಂಗಡಿ ಎಷ್ಟು ಅಡಿ ಎತ್ತರ ಅಂತ ಬರ್ಕೊಳ್ಳೋಕೆ ಹೋಗ್ತಾರೆ."

"ಅಲ್ಲಮ್ಮ, ಬರಲ್ಲ ಅಂತ ಒಂದ್ಸಲ ಹೇಳ್ಬಾರ್ದಾ?"

"ಹೇಳಿದ್ದೆ. ಎರಡು ತಿಂಗಳು ಮಾತು ಬಿಟ್ರು. ಅದು ಚೆನ್ನಾಗೇ ಇತ್ತು. ಆದ್ರೆ ದಿನಾ ಊಟಕ್ಕೆ ಕೂತಾಗ ನಿಟ್ಟುಸಿರು ಬಿಡೋರು, ಅನ್ನ ಹಾರೋ ಹಾಗೆ. ಅದಕ್ಕಿಂತ ಕಂಬದ ಪಕ್ಕ ನಿಲ್ಲೋದೇ ವಾಸಿ." ಗಡಿಯಾರ ನೋಡಿದಳು. "ಟೈಮಾಯ್ತು. ಓಡ್ಸು."

*

ಎರಡು ಗಂಟೆ ಕಾದ ಮೇಲೆ ಚಿತಾಗಾರದ ಗುಮಾಸ್ತೆ ಬೂದಿಯ ಡಬ್ಬಿಯನ್ನು ಕಿಟಕಿಯಲ್ಲಿಟ್ಟಳು. "ಗಂಡ ಅಥವಾ ಮಕ್ಕಳು, ಯಾರಾದ್ರೂ ಒಬ್ಬರು ಸಹಿ ಮಾಡಿ."

ಅಪ್ಪ ಆಚೆ ಅಧ್ಯಕ್ಷನಿಗೆ ಪೋರ್ಟೊದ ಸೇತುವೆಗಳನ್ನು ವಿವರಿಸುತ್ತಿದ್ದ, ತಾನು ನೋಡದ ಸೇತುವೆಗಳನ್ನು. ಮಗಳು ಸಹಿ ಮಾಡಿ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡಳು.

ಅವನು ಬಂದು ಕೈ ನೀಡಿದ. "ಕೊಡು. ವಿಮಾನದವರಿಗೆ ಕಾಗದಪತ್ರ ಮಾಡಿಸ್ಬೇಕು."

"ನೀವು ಹೋಗಿ ಬನ್ನಿ. ಅಮ್ಮ ಬರಲ್ಲ."

ಸುತ್ತಲಿನವರು ಇತ್ತ ತಿರುಗಿದರು. ಅಪ್ಪ ತಕ್ಕಡಿಯಲ್ಲಿ ಮೋಸ ಹಿಡಿದ ದನಿಯಲ್ಲಿ ಕೇಳಿದ. "ಕಾರಣ?"

ಕಾರಣ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಅವನ ಮುಖ ಹೇಗಾಗಬಹುದೆಂದು ಮಗಳು ಕಣ್ಣ ಮುಂದೆ ತಂದುಕೊಂಡಳು. ಒಂದು ಕ್ಷಣ ಪೆಚ್ಚಾಗುತ್ತಾನೆ. ಮರುಕ್ಷಣ ಯಾವುದೋ ಜೇಬಿನಿಂದ ನೋಟ್‌ಬುಕ್ ಹೊರಗೆ ಬರುತ್ತದೆ. ಮುಂದಿನ ತಿಂಗಳು ಆ ಗಲ್ಲಿಯನ್ನು ಹುಡುಕುತ್ತಾನೆ, ಮುದುಕಿ ಸತ್ತಿದ್ದರೂ ಅಂಗಡಿಯನ್ನು ಹುಡುಕುತ್ತಾನೆ, ಸಂಘದಲ್ಲಿ ಕಣ್ಣೊರೆಸಿಕೊಳ್ಳುತ್ತ ಹೇಳುತ್ತಾನೆ. ನಾಲ್ಕು ದಿನಕ್ಕೂ ಹಸಿರು ಗುರುತು ಬೀಳುತ್ತದೆ.

"ಕಾರಣ ಏನಿಲ್ಲ," ಎಂದಳು.

"ಕಾರಣ ಇಲ್ದೆ ಹಟ ಮಾಡ್ತೀಯ. ಇವತ್ತಿನ ದಿನ. ಹನ್ನೆರಡನೇ ನಂಬರ್ ರಸ್ತೆ ಬಿಟ್ರೆ ನಿನಗೆ ಪ್ರಪಂಚದಲ್ಲಿ ಏನು ಗೊತ್ತು?"

"ಏನೂ ಗೊತ್ತಿಲ್ಲ."

"ಪಾಪ, ದುಃಖದಲ್ಲಿ ಏನೋ ಹೇಳ್ತಾ ಇದ್ದಾರೆ," ಎಂದ ಅಧ್ಯಕ್ಷ. ಹೊಲಿಗೆಯವರಲ್ಲಿ ಒಬ್ಬಳೂ, ಇರುವ ಒಬ್ಬ ಮಗಳಿಗೆ ಇಷ್ಟು ಮೊಂಡುತನ ಇರಬಾರದು ಎಂದಳು. ಮಗಳು ಅದನ್ನೂ ಕೇಳಿಸಿಕೊಂಡಳು. ಡಬ್ಬಿ ಬಿಡಲಿಲ್ಲ.

ಅಪ್ಪನ ಕಣ್ಣು ಕೆಂಪಾಗಿತ್ತು. ಅಳುವೇ ಅದು, ಅನುಮಾನವಿಲ್ಲ. ಅದು ಅವಳನ್ನು ಇನ್ನಷ್ಟು ರೇಗಿಸಿತು. ಅವನು ಮೂಗು ಒರೆಸಿಕೊಂಡು, ರಾಜಿಗೆ ಬಂದವನ ಹಾಗೆ ತಗ್ಗಿದ ದನಿಯಲ್ಲಿ ಹೇಳಿದ. "ಸರಿ. ಟಿಕೆಟ್ ಎರಡಿದೆ. ನೀನಾದ್ರೂ ಬಾ. ಎತ್ತರ ಹೆಚ್ಚುಕಮ್ಮಿ ಅವಳದೇ."

ಚಿಕ್ಕಮ್ಮ ಸೆರಗು ಬಾಯಿಗೆ ತುರುಕಿಕೊಂಡು ಆಚೆ ತಿರುಗಿದಳು. ಅವಳು ಅತ್ತದ್ದೋ ನಕ್ಕದ್ದೋ ಯಾರಿಗೂ ತಿಳಿಯಲಿಲ್ಲ.

ಬಾಗಿಲ ಹೊರಗೆ ಬಂದಾಗ ಅವಳು ಮಗಳ ತೋಳು ಹಿಡಿದು ಕೇಳಿದಳು. "ಅಲ್ವೇ, ಅದನ್ನ ಎಲ್ಲಿಡ್ತೀಯ?"

"ಗೊತ್ತಿಲ್ಲ ಚಿಕ್ಕಮ್ಮ. ಎಲ್ಲೂ ತಿರುಗಿಸಲ್ಲ, ಅಷ್ಟೆ."

*

ಮನೆಗೆ ಬಂದವರು ನಾಲ್ಕೇ ಜನ. ಒಡತಿ, ಚಿಕ್ಕಮ್ಮ, ಮಗಳು ಮುಂದಿನ ಕೋಣೆಯಲ್ಲಿ ಕೂತರು. ಬೆಳಗ್ಗೆ ಹರಡಿದ ಆಲ್ಬಮ್‌ಗಳು ಇನ್ನೂ ಕುರ್ಚಿಗಳ ಮೇಲಿದ್ದುದರಿಂದ ನೆಲದ ಮೇಲೆಯೇ ಕೂತರು, ಬೂದಿಯ ಡಬ್ಬಿ ಮಗಳ ಮಡಿಲಲ್ಲಿ. ಅಪ್ಪ ನಿಂತೇ ಇದ್ದ.

"ನಾನೇ ಟೀ ಮಾಡ್ತೀನಿ," ಎಂದ. "ಇಸ್ತಾಂಬುಲ್ಲಿನವರು ಹೇಗೆ ಮಾಡ್ತಾರೆ ಅಂತ ತೋರಿಸ್ತೀನಿ ನಿಮಗೆ. ನೀರು ಜಾಸ್ತಿ ಕುದೀಬಾರ್ದು, ಅದೇ ಗುಟ್ಟು."

ಅಡುಗೆಮನೆಯಲ್ಲಿ ಒಲೆ ಹೊತ್ತಿದ ಸದ್ದು ಕೇಳಿಸಿತು. ಪಾತ್ರೆ ಇಟ್ಟ ಸದ್ದು. ಆಮೇಲೆ ಒಂದು ಕಪಾಟಿನ ಬಾಗಿಲು ತೆರೆಯಿತು. ಮುಚ್ಚಲಿಲ್ಲ. ಇನ್ನೊಂದು ತೆರೆಯಿತು.

"ಟೀ ಪುಡಿ ಎಲ್ಲಿಡ್ತಾಳೆ ಇವಳು?"

ಮೂರನೆಯ ಬಾಗಿಲು ತೆರೆಯಿತು. ಸಾಲಾಗಿ ಡಬ್ಬಿಗಳಿದ್ದವು, ಒಂದೇ ಅಳತೆಯವು, ಒಂದರ ಮೇಲೂ ಹೆಸರು ಬರೆದಿರಲಿಲ್ಲ. ಅವನು ಒಂದನ್ನು ಇಳಿಸಿ, ಮುಚ್ಚಳ ತೆಗೆದು ಮೂಸಿ, ಪಕ್ಕಕ್ಕಿಟ್ಟ. ಇನ್ನೊಂದನ್ನು ಇಳಿಸಿದ.

ಒಡತಿ ತಡೆಯಲಾಗದೆ ಏಳಲು ಹೊರಟಳು. ಮಗಳು ಅವಳ ಮಂಡಿಯ ಮೇಲೆ ಕೈಯಿಟ್ಟಳು. ಒಡತಿ ಅವಳ ಮುಖ ನೋಡಿ ಹಾಗೆಯೇ ಕೂತಳು.

"ಸಕ್ಕರೆ ಇದೋ, ಉಪ್ಪು ಇದೋ," ಎನ್ನುತ್ತಿದ್ದ ಅಪ್ಪ ಒಳಗೆ, ಯಾರಿಗೆಂದಿಲ್ಲದೆ. ಬಾಗಿಲ ಸಂದಿನಲ್ಲಿ ಅವನ ಬೆನ್ನು ಕಾಣುತ್ತಿತ್ತು. ಕಪಾಟುಗಳೆಲ್ಲ ಬಾಯ್ದೆರೆದಿದ್ದವು. ಅವನು ನಡುವೆ ನಿಂತು, ಎಡಗೈಯಲ್ಲಿ ಒಂದು ಮುಚ್ಚಳ, ಬಲಗೈಯಲ್ಲಿ ಬೇರೆ ಯಾವುದೋ ಡಬ್ಬಿ ಹಿಡಿದು ಒಂದಕ್ಕೊಂದು ಕೂಡಿಸಲು ನೋಡುತ್ತಿದ್ದ. ಹಿಂದೆ ಒಲೆಯ ಮೇಲೆ, ನೀರು ಹಾಕದ ಪಾತ್ರೆಯ ತಳ ನೀಲಿಗಟ್ಟತೊಡಗಿತ್ತು.